ಲಾಲ್ ಅಹ್ಮದ್ ಸಾಹೇಬರ ಕೆರೆಯ ಕೋಡಿ ತೆಗೆದವಳ ಹೇಳಿಕೆ

ಹೆಸರು: ಅನ್ನಮ್ಮ, ಗಂಡ ಮರೆಪ್ಪ. ವಯಸ್ಸು: ಅಂದಾಜು ನಲವತ್ತು. ಕೆಲಸ: ಮಣ್ಣು ಹೊರುವ ಕೂಲಿ. ವಾಸ: ಕಮಲಾಪುರ, ಕೆರೆ ಕೆಳಗಿನ ಓಣಿ.

ನಾನು ಕಮಲಾಪುರ ಪೊಲೀಸ್ ಚೌಕಿಯಲ್ಲಿ ಅಮೀನ್ ಸಾಹೇಬರ ಎದುರು ಹೇಳಿ ಬರೆಸುವುದೇನೆಂದರೆ, ನಮ್ಮ ಓಣಿಯಿಂದ ನೂರಿಪ್ಪತ್ತು ಹೆಜ್ಜೆ ದೂರ, ಎತ್ತರದಲ್ಲಿ ಒಂದು ಖಾಸಗಿ ಕೆರೆ ಇದೆ. ಕಲಬುರಗಿ ಶಹಾಬಜಾರದ ಲಾಲ್ ಅಹ್ಮದ್ ಸಾಹೇಬರು ದೋಣಿಯಲ್ಲಿ ಆಡಲು, ಗಾಳ ಹಾಕಲು ಹನ್ನೊಂದು ವರ್ಷದ ಹಿಂದೆ ಕಟ್ಟಿಸಿದ್ದು. ಮಣ್ಣಿನ ಒಡ್ಡು ಎಂಟು ಮೊಳ ಎತ್ತರ, ಎಂಬತ್ತು ಹೆಜ್ಜೆ ಉದ್ದ. ಅದಕ್ಕೆ ನಾನೂ ಬುಟ್ಟಿ ಹೊತ್ತಿದ್ದೇನೆ. ಸಾಹೇಬರು ತೀರಿಕೊಂಡು ಎರಡು ವರ್ಷವಾಯಿತು. ಆಮೇಲೆ ಪಕ್ಕದ ಹೊಲದ ಕಾಶಿರಾಯರು ಕೆರೆ ತಮ್ಮದೆಂದು ಮೀನು ಹಿಡಿಸುತ್ತಿದ್ದರು. ನೀರು ಇಳಿಯಬಾರದೆಂದು, ಹೆಚ್ಚಾದ ನೀರು ಹೊರಹೋಗುವ ಕೋಡಿಗೆ ಕಲ್ಲು ಮಣ್ಣು ತುಂಬಿಸಿದ್ದರು.

ಕಳೆದ ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಒಡ್ಡಿನ ಬುಡದಲ್ಲಿ ಹೆಬ್ಬೆರಳು ದಪ್ಪ ನೀರು ಬರುವುದನ್ನು ಕಂಡೆ. ತಿಳಿನೀರು ಜಿನುಗಿದರೆ ಅಂಜಿಕೆಯಿಲ್ಲ. ಇದು ರಾಡಿ ನೀರು. ಒಡ್ಡು ಒಳಗೆ ಕರಗುತ್ತಿತ್ತು. ಕಾಶಿರಾಯರ ಮನೆಗೆ ಹೋಗಿ ತಿಳಿಸಿದೆ. ಅವರು ಮುಖ ತೊಳೆಯುತ್ತಲೇ, "ಕೆರಿ ನಂದಲ್ಲ ಬಿಡು. ಬೇಗಂ ಸಾಹೇಬರದು. ಕಲಬುರ್ಗಿಗಿ ಹೋಗಿ ಅವರಿಗಿ ಹೇಳು" ಎಂದರು. ಬೇಗಂ ಎಂದರೆ ಸಾಹೇಬರ ಹೆಂಡತಿ ಇಕ್ಬಾಲ್ ಬೇಗಂ. ಕಲಬುರಗಿ ಇಪ್ಪತ್ತನಾಲ್ಕು ಮೈಲು. ನಮ್ಮ ಓಣಿಯಲ್ಲಿ ಹದಿನಾಲ್ಕು ಮನೆ. ಅದರಲ್ಲೊಂದು ಮನೆಯ ತುಳಜಾಬಾಯಿ ಹೆತ್ತು ಅಂದಿಗೆ ಮೂರನೇ ದಿನ, ಎದ್ದು ಓಡುವ ಹಾಗಿರಲಿಲ್ಲ.

ಏಳು ಗಂಟೆಗೆ ನಾನು, ನನ್ನ ಗಂಡ ಗುದ್ದಲಿ ಒಯ್ದು ಕೋಡಿಯ ಕಲ್ಲು ಕಿತ್ತೆವು. ಯಾರ ಅಪ್ಪಣೆಯೂ ಇರಲಿಲ್ಲ. ಹನ್ನೊಂದರ ಹೊತ್ತಿಗೆ ನೀರು ಮೂರು ಮೊಳ ಇಳಿಯಿತು. ಹೋದ ನೀರು ಹಳ್ಳ ಹಿಡಿಯಿತು, ಯಾರ ಮನೆಗೂ ಹೊಲಕ್ಕೂ ನುಗ್ಗಲಿಲ್ಲ. ಮಧ್ಯಾಹ್ನಕ್ಕೆ ಒಡ್ಡಿನ ಬುಡದ ನೀರು ನಿಂತಿತು. ಕೋಡಿಯಲ್ಲಿ ಮೀನು ಬಹಳ ಹೋದವು. ಕೆಲವನ್ನು ಓಣಿಯವರು ಹಿಡಿದು ತಿಂದದ್ದು ನಿಜ. ನಾನೂ ತಿಂದೆ.

ಅಂದೇ ಸಂಜೆ ಕಾಶಿರಾಯರು, ತಮ್ಮ ಕೆರೆ ಹಾಳು ಮಾಡಿದೆನೆಂದು ನನ್ನ ಮೇಲೆ ಫಿರ್ಯಾದಿ ಕೊಟ್ಟರು. ಅಮೀನ್ ಸಾಹೇಬರು ಬೇಗಂ ಅವರಿಗೆ ಹೇಳಿಕಳಿಸಿದರು. ಬೇಗಂ ನಿನ್ನೆ ರಾತ್ರಿ ದಾರಿಯ ಮಹಾಗಾಂವದಲ್ಲಿ ಉಳಿದು, ಈ ದಿನ ಹತ್ತು ಗಂಟೆಗೆ ಪರದೆ ಕಟ್ಟಿದ ಬಂಡಿಯಲ್ಲಿ ಚೌಕಿಗೆ ಬಂದು ಕೆರೆ ತಮ್ಮದೆಂಬ ಕಾಗದ ಕೊಟ್ಟರು. ಕೆರೆ ನಿಮ್ಮದೇ ಆದರೆ ಒಡ್ಡಿನ ದುರಸ್ತಿಯೂ ನಿಮ್ಮದೇ, ಹೌದೋ ಅಲ್ಲವೋ ಎಂದು ಅಮೀನ್ ಸಾಹೇಬರು ಕಾಶಿರಾಯರನ್ನು ಕೇಳಿದರು. ಕಾಶಿರಾಯರು ಫಿರ್ಯಾದಿ ಹಿಂದಕ್ಕೆ ತೆಗೆದುಕೊಂಡರು.

ಒಡ್ಡಿನ ಬುಡಕ್ಕೆ ಹೊಸ ಮಣ್ಣು ಹಾಕಿಸಿ, ಬಡಿದು ಗಟ್ಟಿ ಮಾಡಿಸುವುದಾಗಿ ಬೇಗಂ ಒಪ್ಪಿದರು. ಬಳಿಕ ಪರದೆಯೊಳಗಿಂದ, "ಕೋಡಿ ತೆಗಿ ಅಂತ ಅನ್ನಮ್ಮಗ ನಾನೇ ಹುಕುಂ ಕೊಟ್ಟಿದ್ದೆ. ಹಂಗೇ ಬರ್ಕೊಳ್ರಿ" ಎಂದರು. ಅವರ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. "ಇಲ್ರೀ ಬೇಗಂ ಸಾಹೇಬ್ರ, ಯಾರಿಗೂ ಕೇಳಲಾರದೇ ತೆಗದೀನ್ರಿ" ಎಂದೆ. ಒಳಗೆ ಅವರು ನಕ್ಕರು. ಹಾಗಾದರೆ ಇನ್ನು ಮುಂದೆಯೂ ನೀರು ಏರಿದಾಗ ಯಾರನ್ನೂ ಕೇಳದೆ ತೆಗೆಯತಕ್ಕದ್ದು ಎಂದು ಒಂದು ಕಾಗದ ಬರೆಸಿ, ಮೊಹರು ಒತ್ತಿ ನನಗೆ ಕೊಟ್ಟರು.

ಈಗ ಹೊರಗೆ ಮಳೆ ಹಿಡಿದಿದೆ. ಮನೆಗೆ ಹೋಗುವಾಗ ಕೋಡಿ ನೋಡಿಕೊಂಡೇ ಹೋಗುತ್ತೇನೆ.

ಗಂಟೆಗಳನ್ನು ನಾನು ಹೇಳಿದ ಹೊತ್ತಿನ ಮೇಲೆ ಅಮೀನ್ ಸಾಹೇಬರು ಹಾಕಿದ್ದಾರೆ. ಬರೆದದ್ದನ್ನು ಓದಿಸಿ ಕೇಳಿದೆ. ನಾನು ಹೇಳಿದಷ್ಟೇ ಇದೆ, ಎಲ್ಲ ಖರೆ ಇದೆ.

ಸ್ಥಳ: ಕಮಲಾಪುರ ಚೌಕಿ
ತಾರೀಖು: 12 ಆಗಸ್ಟ್ 1926, ಗುರುವಾರ
ಅನ್ನಮ್ಮಳ ಎಡಗೈ ಹೆಬ್ಬೆಟ್ಟಿನ ಗುರುತು