ಆಫ್ ಮಾಡದ ಮೈಕು

ಆಸ್ಪತ್ರೆಯಲ್ಲಿ ನನ್ನೆದುರಿನ ಬೆಂಚಿನ ಮೇಲೆ ಇಬ್ಬರು ಹೆಂಗಸರಿದ್ದರು. ಕಿರಿಯವಳ ಕೊರಳಲ್ಲಿ ಹೆಡ್‌ಸೆಟ್ ಇನ್ನೂ ನೇತಾಡುತ್ತಿತ್ತು. ಹಿರಿಯಾಕೆ ಗಂಡನ ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡಿದ್ದಳು.

"ನಮ್ಮನೆಯವರು ಮೇಲೆ ಅಟ್ಟದಲ್ಲಿ ಲೈಟ್ ನೋಡ್ಕೊಳ್ತಿದ್ರು, ನೀನು ಕೆಳಗಿದ್ದೆ. ನಾಟಕದ ಮಧ್ಯೆ ಅವರಿಗೆ ಹೀಗಾಗಿದೆ ಅಂತ ನಿಂಗೆ ಹೇಗೆ ಗೊತ್ತಾಯ್ತೇ?"

"ತೆರೆಮರೆಯಲ್ಲಿ ನಾವು ಮಾತಾಡ್ಕೊಳ್ಳೋಕೆ ಎಲ್ಲರಿಗೂ ಇಂಥ ಹೆಡ್‌ಸೆಟ್ ಇರುತ್ತೆ, ಅಣ್ಣ ಮತ್ತೆ ಅದರ ಮೈಕ್ ಆಫ್ ಮಾಡೋದು ಮರೆತಿದ್ರು ಅಕ್ಕ. ಅವರ ಉಸಿರು ನಮ್ಮೆಲ್ಲರ ಕಿವೀಲಿ. ಬೈಯೋಣ ಅಂತ ಬಾಯಿ ತೆಗೆದೆ. ಆದ್ರೆ ಉಸಿರು ಯಾಕೋ ಬೇರೆ ಥರ ಇತ್ತು."

"ತಂತಿ ಇಲ್ದೆ, ಅಷ್ಟು ಮೇಲಿಂದ, ಉಸಿರು ಕೇಳ್ಸುತ್ತಾ!"

"ಬೆಳಿಗ್ಗೆ ಅಟ್ಟದ ಅದೇ ಮೂಲೇಲಿ ಮಾತು ಕಟ್ ಆಗ್ತಿತ್ತು. ಆಂಟೆನಾ ಎತ್ತರಕ್ಕೆ ಕಟ್ಟಿ, ಅಲ್ಲೇ ನಿಂತು ಮಾತಾಡಿ ನೋಡಿದ್ದೆ. 'ಇಷ್ಟೆಲ್ಲಾ ಯಾಕಮ್ಮ' ಅಂತ ಅಣ್ಣ ನಕ್ಕಿದ್ರು."

"ಆಮೇಲೆ?"

"ಎಲ್ಲರೂ ಮೈಕ್ ಆಫ್ ಮಾಡಿ, ಯಾರಾದ್ರೂ ಅಟ್ಟಕ್ಕೆ ಓಡಿ ಅಂದೆ. ಪರದೆಯವರು, ಸೌಂಡಿನವರು, ಎಲ್ಲಾ ಗಪ್‌ಚುಪ್. ಅದೊಂದೇ ಉಸಿರು ಕೇಳಿಸ್ತಿತ್ತು. ಹತ್ತಿರ ಇದ್ದೋರು ಏಣಿ ಹತ್ತಿ ಅಣ್ಣನ್ನ ಹಿಡ್ಕೊಳ್ಳೋವರೆಗೂ ನಮ್ಮ ಜೀವ ನಮ್ಮ ಕೈಲಿರಲಿಲ್ಲ."

"ನೋಡೋಕೆ ಬಂದೋರು?"

"ಯಾರಿಗೂ ಗೊತ್ತಾಗ್ಲಿಲ್ಲ. ಚಪ್ಪಾಳೆ ತಟ್ತಿದ್ರು."

ಹಿರಿಯಾಕೆ ಹೆಡ್‌ಸೆಟ್ಟಿನ ಪುಟ್ಟ ಮೈಕನ್ನು ಒಂದು ಬೆರಳಿನಿಂದ ಮೆಲ್ಲಗೆ ಮುಟ್ಟಿದಳು.

"ಆಫ್ ಮಾಡಿ ಅಂತ ದಿನಾ ಬೈತಿದ್ದೆ ಅಕ್ಕ. ಇನ್ಮೇಲೆ ಬೈಯಲ್ಲ."

ಬಾಗಿಲು ತೆರೆಯಿತು. ಎಚ್ಚರವಾಗಿದೆ, ಬನ್ನಿ ಎಂದಳು ನರ್ಸು.

ಹಿರಿಯಾಕೆ ಚಪ್ಪಲಿ ಹಿಡಿದುಕೊಂಡೇ ಎದ್ದಳು. "ಬೈಯೇ, ಚೆನ್ನಾಗಿ ಬೈ. ಬೈಸ್ಕೊಳ್ಳೋಕೆ ಅಂತ ಉಳಿಸಿಕೊಟ್ಟಿದ್ದೀಯಲ್ಲ."

ಇಬ್ಬರೂ ಒಳಗೆ ಹೋದರು.