ಅಕ್ಕನ ಪರೀಕ್ಷೆ

ಅಂದು ಬೆಳಗ್ಗೆ ಮಂಜು ಕರಗಿ, ಕೈಮುಗಿಯಬೇಕೆನಿಸುವಂಥ ಎಳೆಬಿಸಿಲು ಆಸ್ಪತ್ರೆಯ ಬೆಂಚಿನ ಮೇಲೆ ಬಿದ್ದಿತ್ತು. ಶಾಲಾ ವ್ಯಾನಿನ ಡ್ರೈವರೊಬ್ಬ ತನ್ನ ಅಕ್ಕನೊಂದಿಗೆ ಡಾಕ್ಟರ ಕೋಣೆಯಿಂದ ಬಂದು ನನ್ನ ಪಕ್ಕ ಕೂತ.

“ಮೂಗಿನೊಳಗಿಂದ್ಲೇ ಹೋಗಿ ಮೆದುಳಿನ ಕೆಳಗಿನ ಗೆಡ್ಡೆ ತೆಗೆದ್ರಲ್ಲೋ! ನಿನ್ನ ಮೂಗು ಕಂಡವರ ವಿಷಯಕ್ಕೆ ತೂರ್ಸೋಕೆ ಮಾತ್ರ ಅಂದ್ಕೊಂಡಿದ್ದೆ.”

“ಆ ಗೆಡ್ಡೆ ಕಣ್ಣಿನ ನರ ಒತ್ತಿದ್ದಕ್ಕೇ ನಂಗೆ ಅಕ್ಕಪಕ್ಕ ಕಾಣ್ತಿರ್ಲಿಲ್ಲ. ಈಗ ಸರಿಹೋಗಿದೆ, ಗಾಡಿ ಓಡಿಸ್ಬಹುದು ಅಂದ್ರಲ್ಲಕ್ಕ.”

“ಅವರಂದ್ರೆ ಸಾಕಾ? ಗೇಟಿಗೆ ಗುದ್ದಿದವನು ನೀನು. ಗಾಡೀಲಿ ಕೂರೋದು ಮಕ್ಕಳು. ಎದುರಿಗಿರೋ ಗೋಡೆ ನೋಡು, ತಲೆ ತಿರುಗಿಸ್ಬೇಡ.”

ಅವನು ಗೋಡೆ ನೋಡಿದ. ಅವನ ತೊಡೆಯ ಮೇಲಿದ್ದ ಕಿತ್ತಳೆಯತ್ತ ಅವಳ ಕೈ ಪಕ್ಕದಿಂದ ಮೆಲ್ಲಗೆ ಸರಿಯಿತು.

“ಬಿಡೇ ಕಳ್ಳಿ, ಅದು ನಂದು!”

ಅವಳು ಎದ್ದು ಅವನ ಇನ್ನೊಂದು ಪಕ್ಕಕ್ಕೆ ಬಂದು ಕೂತಳು.

“ಈಗ ಎಷ್ಟು ಬೆರಳು?”

“ಎರಡು. ಉಗುರು ಕತ್ತರಿಸ್ಕೋ, ಭಾವ ಹೆದರ್ಕೊಂಡಾರು.”

ಅಕ್ಕ ಗೊಳ್ಳನೆ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು.

“ಭಗವಂತ ದೊಡ್ಡವನು ಕಣೋ.”

“ಮತ್ತೆ ನಾನು ಪಾಸಾ?”

ಅವಳು ಚೀಲದ ತಳದಿಂದ ವ್ಯಾನಿನ ಕೀಲಿ ತೆಗೆದು, ಅವನ ಅಂಗೈಯಲ್ಲಿಟ್ಟು, ಬೆರಳು ಮಡಿಸಿ, ಮುಂದೆ ನಡೆದಳು.