ಸಿಮೆಂಟಿನ ಮೆಕ್ಕೆಜೋಳದ ತೆನೆಯ ಮುಂದೆ ನಿಂತ ಗಾಡಿ

ಅಯೋವಾದ ಹೆದ್ದಾರಿ ಪಕ್ಕ, ಎರಡಾಳೆತ್ತರದ ಸಿಮೆಂಟಿನ ಮೆಕ್ಕೆಜೋಳದ ತೆನೆಯ ಎದುರು, ಐಸ್‌ಕ್ರೀಮ್ ಸಾಲಿನಲ್ಲಿ ನನ್ನ ಮುಂದೆ ವಯಸ್ಸಾದ ಗಂಡ ಹೆಂಡತಿ ನಿಂತಿದ್ದರು. ಒಳಗೇ ಅಡುಗೆ, ಹಾಸಿಗೆ ಎಲ್ಲ ಇರುವ, ಮನೆಯಷ್ಟು ದೊಡ್ಡ ಅವರ ಪ್ರವಾಸದ ಗಾಡಿ, ಆರ್‌ವಿ, ಅಂಗಳದಲ್ಲಿತ್ತು.

"ಇದು ಮೂರನೇ ಐಸ್‌ಕ್ರೀಮು, ಹಾರ್ಲನ್. ಹೊರಡೋಣ."

"ಯಾರೋ ನಮ್ಮ ಗಾಡಿ ಮುಂದೆ ಕೆಂಪು ಕಾರು ಅಡ್ಡ ನಿಲ್ಲಿಸಿದ್ದಾರೆ, ಆರ್ಡಿಸ್. ಅವರು ತೆಗೀಲಿ."

"ಹಿಂದೆ ಮೈದಾನದಷ್ಟು ಜಾಗ ಇದೆ. ಹಿಂದಕ್ಕೆ ತಗೋ."

"ಅವಸರ ಏನೇ? ತೆನೆ ನೋಡು, ಎಷ್ಟು ಚೆನ್ನಾಗಿದೆ."

"ನೋಡಿದೆ. ನಿನ್ನೆ ಸಿಮೆಂಟಿನ ಹಸು, ಮೊನ್ನೆ ಆಳೆತ್ತರದ ದಾರದುಂಡೆ. ನಾನು ಮನೆ ಬಿಟ್ಟಿದ್ದು ಜಿರಾಫೆ ನೋಡೋಕೆ. ಮೃಗಾಲಯದ ಗೇಟಿನವರೆಗೂ ಹೋಗಿ ವಾಪಸ್ ಬಂದ್ವಿ."

"ಜಿರಾಫೆ ಮಲಗಿತ್ತು ಕಣೇ."

"ಗೇಟಿಂದ ನಿಂಗೆ ಹೇಗಪ್ಪಾ ಕಾಣಿಸ್ತು?"

ಆತ ಮತ್ತೆ ತೆನೆಯ ಕಡೆ ತಿರುಗಿದ.

"ಈಗ ಅರ್ಥ ಆಯ್ತು ಮಾರಾಯ. ಈ ಕಡೆಯಿಂದ ನುಗ್ಗಿ ಆ ಕಡೆಯಿಂದ ಹೊರಗೆ ಹೋಗೋ ಜಾಗ ಬಿಟ್ಟು ಬೇರೆಲ್ಲೂ ನೀನು ನಿಲ್ಲಿಸೇ ಇಲ್ಲ. ನಿಂಗೆ ರಿವರ್ಸ್ ಬರಲ್ಲ."

"ಮೆಲ್ಲಗೆ ಮಾತಾಡು. ಮನೆ ಮುಂದಿನ ಅಂಚೆಪೆಟ್ಟಿಗೆಗೆ ಗುದ್ದಿದ ಮೇಲೆ ಧೈರ್ಯ ಬರ್ತಿಲ್ಲ."

"ದನದ ಟ್ರೇಲರನ್ನ ರಿವರ್ಸಲ್ಲೇ ಕೊಟ್ಟಿಗೆ ಬಾಗಿಲಿಗೆ ತಂದು ನಿಲ್ಲಿಸ್ತಿದ್ದೋಳು ಯಾರು? ನಾನು. ಈ ಗಾಡಿ ನಿನ್ನ ಆಟಿಕೆ ಅಂತ ಇಷ್ಟು ದಿನ ಸುಮ್ನಿದ್ದೆ. ಕೀ ಕೊಡು."

"ಆ ಕಾರಿನವರು ಇನ್ನೇನು ಬಂದುಬಿಡ್ತಾರೆ..."

"ಕೀ, ಹಾರ್ಲನ್."

ಇಬ್ಬರೂ ಸಾಲು ಬಿಟ್ಟು ಹೋದರು. ಹಾರ್ಲನ್ ಗಾಡಿಯ ಹಿಂದೆ ನಿಂತು ಸುಮ್ಮನೆ ಕೈ ಬೀಸುತ್ತಿದ್ದ. ಆರ್‌ವಿ ಬೀಪ್ ಬೀಪ್ ಎನ್ನುತ್ತಾ ನೆಟ್ಟಗೆ ಹಿಂದಕ್ಕೆ ಸರಿದು, ತಿರುಗಿ, ಅವನನ್ನು ಹತ್ತಿಸಿಕೊಂಡು ಮೃಗಾಲಯದ ದಾರಿ ಹಿಡಿಯಿತು.

ಕೆಂಪು ಕಾರಿನ ಕೀಯನ್ನು ನಾನು ಅಲ್ಲಿಯವರೆಗೂ ಜೇಬಿನಿಂದ ತೆಗೆಯಲೇ ಇಲ್ಲ.